ಎರಡನೇ ನಂಬರಿನ ಚೀಟಿ

ಮೂರು ತಂಡಗಳನ್ನು ಒಂದೇ ಬೆಳಗ್ಗೆ, ಒಂದೇ ಮೈದಾನದಲ್ಲಿ ಆಡಿಸಿ ನೋಡಿ. ಒಂದು ತಂಡಕ್ಕೆ ಮಾತ್ರ ನಡುವೆ ನೆರಳಲ್ಲಿ ಕೂತು ನೀರು ಕುಡಿಯೋ ಯೋಗ. ಉಳಿದ ಎರಡು ತಂಡ ಒಂದರ ಹಿಂದೆ ಒಂದು ಎರಡು ಮ್ಯಾಚ್ ಆಡಿ ಸಾಯಬೇಕು. ಹೇಗೆ ತಿರುಗಿಸಿ ಹಾಕಿದರೂ ಇದೇ ಲೆಕ್ಕ. ಈ ಲೆಕ್ಕದ ಮೇಲೆ ನಾನು ಒಂದು ಇಡೀ ಬೇಸಿಗೆ ಜಗಳ ಆಡಿದ್ದೇನೆ ಅಂದರೆ ನಮ್ಮಮ್ಮ ಇವತ್ತಿಗೂ ನಂಬೋದಿಲ್ಲ. ಅದೂ ಐರ್ಲೆಂಡಿನವರ ಜೊತೆ, ಅವರದೇ ಆಟದ ಬಗ್ಗೆ.

ನಾನಾಗ ಆಸ್ಟಿನ್ ಪಕ್ಕದ ಲಿಯಾಂಡರ್‌ನಲ್ಲಿದ್ದೆ. ಗಂಡನ ವೀಸಾದ ಬಾಲ ಹಿಡಿದುಕೊಂಡು ಬಂದವಳು. ಇಂಜಿನಿಯರಿಂಗ್ ಓದಿ, ಮೈಸೂರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಒಂದು ಟೀಮನ್ನೇ ನಡೆಸಿದವಳು ಇಲ್ಲಿ ಇಳಿದ ದಿನದಿಂದ ‘ಡಿಪೆಂಡೆಂಟ್’. ದುಡಿದರೆ ಕಾನೂನು ಮುರಿದ ಹಾಗೆ. ನನ್ನಂಥವರಿಗೆ ಪರ್ಮಿಟ್ ಕೊಡ್ತಾರಂತೆ, ಈ ವರ್ಷವೇ ಅಂತೆ, ಅಂತ ಪ್ರತಿ ಯುಗಾದಿಗೂ ಯಾರಾದರೂ ಹೇಳೋರು. ಹೋಳಿಗೆ ತಿಂದು, ಕೈ ತೊಳೆದುಕೊಂಡು ಮನೆಗೆ ಬರುತ್ತಿದ್ದೆವು.

ಮಗಳು ಎರಡನೇ ಕ್ಲಾಸು. ಒಂದು ದಿನ ಸ್ಕೂಲಿನಲ್ಲಿ ಅಪ್ಪ ಅಮ್ಮ ಏನು ಕೆಲಸ ಮಾಡ್ತಾರೆ ಅಂತ ಚಿತ್ರ ಬರೆಸಿದ್ದರು. ಅಪ್ಪನ ಮುಂದೆ ಲ್ಯಾಪ್‌ಟಾಪ್ ಬರೆದಿದ್ದಳು. ಪಕ್ಕದಲ್ಲಿ ನಾನು, ಎರಡೂ ಕೈ ಇಳಿಬಿಟ್ಟುಕೊಂಡು ಸುಮ್ಮನೆ ನಿಂತಿದ್ದೆ. ನನ್ನ ಕೈಗೂ ಏನಾದರೂ ಕೊಡಬಾರದಿತ್ತೇನೆ ಅಂದಿದ್ದಕ್ಕೆ, ‘ಬಟ್ ಅಮ್ಮಾ, ಯು ಡೋಂಟ್ ಹ್ಯಾವ್ ಎ ಜಾಬ್’ ಅಂದಳು. ಪಾಪ, ಇದ್ದದ್ದು ಹೇಳಿತು ಮಗು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆ ದಿನಗಳಲ್ಲೇ ಚೆಂಡು ಕೈಗೆ ಸಿಕ್ಕಿದ್ದು. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಐರ್ಲೆಂಡಿನ ಒಬ್ಬ ನರ್ಸ್ ಇದ್ದಳು. ಶಿಫ್ಟ್ ಮುಗಿಸಿ ಬಂದವಳು ಪಾರ್ಕಿಂಗ್ ಲಾಟಿನಲ್ಲಿ ವಾಲಿಬಾಲ್‌ನಂಥ ಒಂದು ಚೆಂಡನ್ನು ಕಾಲಿನಿಂದ ಕೈಗೆ, ಕೈಯಿಂದ ಕಾಲಿಗೆ ಹಾರಿಸುತ್ತಾ ಓಡೋಳು. ಒಂದು ಸಂಜೆ ಅದು ಉರುಳಿಕೊಂಡು ನನ್ನ ಹತ್ತಿರ ಬಂತು. ನಾನು ಕಾಲೇಜಿನಲ್ಲಿ ಥ್ರೋಬಾಲ್ ಕ್ಯಾಪ್ಟನ್. ಹಳೇ ಚಾಳಿ, ಎತ್ತಿ ಅವಳ ಕಾರಿನ ಮೇಲಿಂದ ಸೀದಾ ಅವಳ ಎದೆಗೆ ಎಸೆದೆ. ಆಕೆ ಚೆಂಡು ಹಿಡಿದುಕೊಂಡು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಸಂಬಂಧ ನೋಡೋಕೆ ಬಂದ ಅತ್ತೆಯೂ ನನ್ನನ್ನು ಅಷ್ಟು ಆಸೆಯಿಂದ ನೋಡಿರಲಿಲ್ಲ. ಇಲ್ಲಿಯ ಹೆಂಗಸರ ತಂಡಕ್ಕೆ ಅವಳೇ ಕ್ಯಾಪ್ಟನ್ ಅಂತೆ, ಮುಂದಿನ ಮಂಗಳವಾರ ಮೈದಾನಕ್ಕೆ ಕರೆದುಕೊಂಡು ಹೋದಳು.

ಗೇಲಿಕ್ ಫುಟ್‌ಬಾಲ್ ಅಂತ ಆಟ. ಕೈಯಲ್ಲೂ ಆಡಬಹುದು, ಕಾಲಲ್ಲೂ ಆಡಬಹುದು. ಎರಡು ಉದ್ದ ಕಂಬ, ನಡುವೆ ಒಂದು ಅಡ್ಡಪಟ್ಟಿ. ಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟ್, ಕೆಳಗಿನಿಂದ ಬಲೆಗೆ ಹೋದರೆ ಗೋಲ್, ಅದಕ್ಕೆ ಮೂರು. ಐರ್ಲೆಂಡಿನಲ್ಲಿ ಹದಿನೈದು ಜನ ಆಡೋದನ್ನು ಇಲ್ಲಿ ಜನ ಸಿಗೋದಿಲ್ಲ ಅಂತ ಒಂಬತ್ತಕ್ಕೆ ಇಳಿಸಿಕೊಂಡಿದ್ದರು. ನಮ್ಮ ಆಸ್ಟಿನ್ ಹೆಂಗಸರ ತಂಡದಲ್ಲಿ ಆ ಒಂಬತ್ತೂ ಎಳೆದು ತಂದದ್ದು. ನಾನು ಸೇರಿದ ಮೇಲೆ ಎದುರು ಬೀದಿಯ ಧಾರವಾಡದ ಗೆಳತಿಯನ್ನೂ ಎಳೆದುಕೊಂಡು ಹೋದೆ. ಅವಳೂ ನನ್ನ ಹಾಗೇ ಬಾಲ ಹಿಡಿದು ಬಂದವಳು, ಓದಿದ್ದು ಡೆಂಟಿಸ್ಟು.

ಆ ಮೈದಾನದಲ್ಲಿ ನಿಂತರೆ ನಾನು ಯಾರ ಹೆಂಡತಿ ಅಂತ ಒಬ್ಬರೂ ಕೇಳುತ್ತಿರಲಿಲ್ಲ. ಚೆಂಡು ಕೊಡು, ವಾಪಸ್ ಓಡು, ಅಲ್ಲಿ ನಿಲ್ಲು ಅಂತ ಬೈಯೋರು. ಬೈಸಿಕೊಳ್ಳೋದು ಅಷ್ಟು ಹಿತವಾಗಿರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಮಂಗಳವಾರ, ಗುರುವಾರ ಬಂದರೆ ಬೆಳಗ್ಗೆಯೇ ಸಾರು ಮಾಡಿಟ್ಟು ಸಂಜೆಗೆ ಕಾಯುತ್ತಿದ್ದೆ. ಉಳಿದ ದಿನ ಹೇಗೋ ಕಳೆಯುತ್ತಿದ್ದವು.

ಆಮೇಲೆ ಬಂತು ಫಿಕ್ಸ್ಚರ್ ರಗಳೆ, ಅಂದರೆ ಯಾರು ಯಾವಾಗ ಯಾರ ಮೇಲೆ ಆಡೋದು ಅಂತ. ಅಲ್ಲಿಯವರೆಗೆ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನವರು ಒಬ್ಬರೂರಿಗೆ ಒಬ್ಬರು ಹೋಗಿ ಬಂದು, ವಸಂತಕಾಲ ಪೂರ್ತಿ ಲೀಗ್ ಆಡುತ್ತಿದ್ದರು. ನಮಗೆ ಅದೇ ಸರಿ. ಒಂದು ವಾರ ಒಬ್ಬಳು ಇಂಡಿಯಾಕ್ಕೆ ಹೋದರೂ ಇನ್ನೊಂದು ವಾರಕ್ಕೆ ಹೊಂದಿಸಬಹುದು. ಆದರೆ ಮೂರ್ಮೂರು ಗಂಟೆ ಡ್ರೈವ್ ಮಾಡಿಕೊಂಡು ಹೋದರೆ ಎದುರು ತಂಡ ಕೈ ಕೊಟ್ಟಿರೋದು. ಡಾಲಸ್‌ನವರಿಗೂ ಹ್ಯೂಸ್ಟನ್‌ನವರಿಗೂ ಸಾಕಾಗಿ ಹೋಗಿತ್ತು. ಲೀಗ್ ಬೇಡ, ಜುಲೈಯ ಒಂದು ಶನಿವಾರ ಎಲ್ಲರೂ ಒಂದೇ ಕಡೆ ಸೇರಿ ಬೆಳಗ್ಗೆಯೇ ಮೂರು ಮ್ಯಾಚ್ ಮುಗಿಸಿ ಚಾಂಪಿಯನ್ ಯಾರು ಅಂತ ತೀರ್ಮಾನ ಮಾಡೋಣ ಅಂದರು. ಅದರ ಬಾಲದಲ್ಲೇ ಇನ್ನೊಂದು ನಿಯಮ: ತನ್ನ ಎರಡೂ ಮ್ಯಾಚಿನ ಕೊನೆಯ ಸೀಟಿಯವರೆಗೆ ಮೈದಾನದಲ್ಲಿ ಏಳು ಜನರನ್ನು ಉಳಿಸಿಕೊಳ್ಳಲಾಗದ ತಂಡವನ್ನು ಮುಚ್ಚಿ, ಆಟಗಾರ್ತಿಯರನ್ನು ಡಾಲಸ್ ತಂಡಕ್ಕೆ ಸೇರಿಸೋದು.

ಯಾರ ತಂಡ ಅಂತ ಹೆಸರು ಹೇಳಲಿಲ್ಲ, ಅಷ್ಟೇ. ಡಾಲಸ್‌ನವರ ಬೆಂಚಿನಲ್ಲಿ ಇನ್ನೊಂದು ತಂಡ ಕಟ್ಟೋಷ್ಟು ಜನ. ಹ್ಯೂಸ್ಟನ್‌ನಲ್ಲಿ ತೈಲ ಕಂಪನಿಗಳು ಪ್ರತಿ ವರ್ಷ ಐರ್ಲೆಂಡಿನ ಹುಡುಗಿಯರನ್ನು ತಂದು ಇಳಿಸುತ್ತಿದ್ದವು. ಮುಚ್ಚೋದಕ್ಕೆ ಉಳಿದದ್ದು ನಾವೇ. ಮನೆಯಲ್ಲಿ ಇವರಿಗೆ ಹೇಳಿದೆ. ನನ್ನ ಗಂಡ ಕೆಟ್ಟವರಲ್ಲ, ಕೂತು ಲೆಕ್ಕ ಹಾಕೋ ಜಾತಿ. ಪ್ರಾಕ್ಟೀಸಿಗೆ ಡಾಲಸ್‌ಗೆ ಹೋಗಿ ಬರೋದ್ರಲ್ಲೇ ದಿನ ಮುಗಿಯುತ್ತೆ, ಸ್ಕೂಲಿಂದ ಮಗೂನ ಯಾರು ಕರ್ಕೊಂಡು ಬರ್ತಾರೆ, ಅದೆಲ್ಲ ಆಗೋ ಮಾತಲ್ಲ ಬಿಡು ಕಣೆ ಅಂದರು. ಆಗೋ ಮಾತಲ್ಲ ಅಂತ ನನಗೂ ಗೊತ್ತಿತ್ತು. ಈ ತಂಡ ಹೋದರೆ ನನಗೆ ಉಳಿಯೋದು ಆ ಚಿತ್ರದಲ್ಲಿದ್ದ ಖಾಲಿ ಕೈ.

ಕಮಿಟಿ ಮೀಟಿಂಗಿಗೆ ಆಸ್ಟಿನ್ ಪರವಾಗಿ ಯಾರು ಹೋಗೋದು ಅಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಉಳಿದವರಿಗೆಲ್ಲ ವಾರದ ದಿನ ಆಫೀಸು, ಆಸ್ಪತ್ರೆ. ಕೆಲಸವಿಲ್ಲದವರು ನಾವಿಬ್ಬರೇ; ಮಗಳನ್ನು ಸ್ಕೂಲಿಂದ ಕರೆತರೋದನ್ನು ಧಾರವಾಡದ ಗೆಳತಿ ಒಪ್ಪಿಕೊಂಡಳು, ಹೋಗೋದು ನನ್ನ ಪಾಲಿಗೆ ಬಂತು. ಬುಧವಾರ ಬೆಳಗ್ಗೆ ಚಿತ್ರಾನ್ನ ಕಲೆಸಿ ಸ್ಟೀಲ್ ಡಬ್ಬಿಗೆ ತುಂಬಿಕೊಂಡು ವೇಕೋವರೆಗೆ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಡಾಲಸ್‌ಗೂ ಆಸ್ಟಿನ್‌ಗೂ ಅದು ಅರ್ಧ ದಾರಿ. ಹ್ಯೂಸ್ಟನ್‌ನಿಂದ ಬಂದಾಕೆಗೆ ಮಾತ್ರ ದೂರ, ಅದೂ ಅನ್ಯಾಯ ಅಂತ ಆಕೆ ಕೂರೋಕೆ ಮುಂಚೆಯೇ ಹೇಳಿದಳು. ತೈಲ ಕಂಪನಿಯಲ್ಲಿ ದೊಡ್ಡ ಹುದ್ದೆಯವಳು, ಮಾತು ಕಡ್ಡಿ ಮುರಿದ ಹಾಗೆ. ಮನಸ್ಸಿನಲ್ಲೇ ಅವಳಿಗೆ ಹ್ಯೂಸ್ಟನ್ ಮೇಡಂ ಅಂತ ಹೆಸರಿಟ್ಟೆ. ಕಮಿಟಿಯ ಅಧ್ಯಕ್ಷರು ಡಾಲಸ್‌ನವರು, ಮನೆಗಳಿಗೆ ಚಾವಣಿ ಹಾಕಿಸೋ ಕಂಟ್ರಾಕ್ಟರ್. ಬಿಳಿ ಹುಬ್ಬು, ಬಿಸಿಲಿಗೆ ಬೆಂದ ಕೆಂಪು ಕತ್ತು. ವಯಸ್ಸಿಗೆ ಮರ್ಯಾದೆ ಕೊಟ್ಟು ಅವರನ್ನು ಡಾಲಸ್ ಅಂಕಲ್ ಅಂದುಕೊಂಡೆ.

ಹೋಟೆಲಿನಲ್ಲಿ ನನಗೆ ತಿನ್ನೋಕೆ ಇದ್ದದ್ದು ಆಲೂಗಡ್ಡೆ ಒಂದೇ. ಅದನ್ನು ಮುಂದಿಟ್ಟುಕೊಂಡು ಅವರಿಬ್ಬರ ವಾದ ಕೇಳಿದೆ. ನಮ್ಮಲ್ಲಿ ಮದುವೆಯಲ್ಲಿ ಮೊದಲ ಪಂಕ್ತಿಗೆ ಯಾರು ಕೂರಬೇಕು ಅಂತ ಬೀಗರು ಹೇಗೆ ಹಿಡಿದುಕೊಳ್ಳುತ್ತಾರೋ, ಇವರು ಚಾಂಪಿಯನ್‌ಶಿಪ್ ಹೇಗೆ ನಡೆಸಬೇಕು ಅಂತ ಹಾಗೆ ಹಿಡಿದುಕೊಳ್ಳುತ್ತಾರೆ. ಐರ್ಲೆಂಡಿನಲ್ಲಿ ಹಿಂದೆ ಒಂದು ಸಲ ಸೋತರೆ ಆ ವರ್ಷ ಮುಗೀತು, ಚೀಲ ಕಟ್ಟಿಕೊಂಡು ಮನೆಗೆ. ಆಮೇಲೆ ಸೋತವರಿಗೂ ಇನ್ನೊಂದು ಅವಕಾಶ ಅಂತ ಬಂತು, ಅದಕ್ಕೆ ಹಿಂಬಾಗಿಲು ಅಂತಲೇ ಹೆಸರು. ಡಾಲಸ್ ಅಂಕಲ್‌ಗೆ ಹಿಂಬಾಗಿಲು ಅಂದರೆ ಮೈಯೆಲ್ಲ ಉರಿ. ಸೋಲಿಗೆ ಭಯ ಇಲ್ಲದ ಮೇಲೆ ಆಟಕ್ಕೆ ಮರ್ಯಾದೆ ಎಲ್ಲಿದೆ ಅಂತ ಅವರ ವಾದ. ಹ್ಯೂಸ್ಟನ್ ಮೇಡಂ, ವರ್ಷ ಪೂರ್ತಿ ಬೆವರು ಸುರಿಸಿ ಒಂದೇ ಮಧ್ಯಾಹ್ನಕ್ಕೆ ಮನೆಗೆ ಹೋಗೋದು ಯಾವ ಮರ್ಯಾದೆ ಅಂತ. ಸಮುದ್ರದಾಚೆಯ ಜಗಳ ಇದು, ಇಲ್ಲಿ ಇರೋದು ಮೂರೇ ತಂಡ, ಆದರೂ ಒಂದು ಗಂಟೆ ಅದೇ ನಡೀತು.

ಕೊನೆಗೆ ನಮ್ಮ ವಿಷಯಕ್ಕೆ ಬಂದರು. ಅಂಕಲ್ ಇಟ್ಟ ಕ್ರಮ ಹೀಗೆ: ಮೊದಲ ಮ್ಯಾಚಿನಲ್ಲಿ ಸೋತವರು ಅಲ್ಲೇ ಉಳಿದು ಎರಡನೇ ಮ್ಯಾಚ್ ಆಡಬೇಕು, ಗೆದ್ದವರು ನೆರಳಿಗೆ ಹೋಗಿ ಮೂರನೇ ಮ್ಯಾಚಿಗೆ ಬರಬೇಕು. ಹಾಗೆ ಮಾಡಿದರೆ ಕೊನೆಯ ಮ್ಯಾಚಿನವರೆಗೂ ಕಪ್ ಯಾರದ್ದು ಅಂತ ಗೊತ್ತಾಗೋದಿಲ್ಲ, ಕುತೂಹಲ ಉಳಿಯುತ್ತೆ. ಮಾತು ಸರಿಯೇ. ಆದರೆ ಅವರ ಕ್ರಮದಲ್ಲಿ ಮೊದಲ ಮ್ಯಾಚ್ ಆಸ್ಟಿನ್‌ಗೇ ಬೀಳೋದು, ಯಾವಾಗಲೂ ಸೋಲೋದು ನಾವೇ. ಅಂದರೆ ಜುಲೈ ಬಿಸಿಲಲ್ಲಿ, ಬೆಂಚಿನಲ್ಲಿ ಒಬ್ಬಳೂ ಇಲ್ಲದ ನಾವು ಉಸಿರು ತೆಗೆದುಕೊಳ್ಳದೆ ಎರಡನೇದನ್ನೂ ಆಡಬೇಕು. ನಡುವೆ ಒಂದು ಗಂಟೆ ಬಿಡುವು ಕೊಡಿ ಅಂದೆ. ಮೈದಾನ ಮಧ್ಯಾಹ್ನದವರೆಗೆ ಮಾತ್ರ ಸಿಕ್ಕಿರೋದು ಅಂದರು. ಸೆಪ್ಟೆಂಬರಿಗೆ ಹಾಕಿ ಅಂದೆ. ಆಗ ಐರ್ಲೆಂಡಿನ ಫೈನಲ್, ಯಾರೂ ಬರಲ್ಲ ಅಂದರು. ಏಳನ್ನು ಐದು ಮಾಡಿ ಅಂದೆ. ಮೇಡಂ ನಕ್ಕಳು.

ಆ ನಗುವಿಗೆ ನನ್ನ ತಲೆ ಕೆಟ್ಟಿತು. ಸಿಟ್ಟು ಬಂದರೆ ನನಗೆ ಅಳು ಬರುತ್ತೆ, ಅದೊಂದು ದರಿದ್ರ. ಆದರೂ ಹೇಳಿದೆ: ‘ನಿಮ್ಮ ನಿಯಮದಲ್ಲಿ ಗೆದ್ದವರಿಗೆ ನೆರಳು, ಸೋತವರಿಗೆ ಬಿಸಿಲು. ಮೊದಲೇ ಬಡವರಾದವರನ್ನು ಇನ್ನಷ್ಟು ಬಡಿಯೋದು ಅದು. ನಮ್ಮೂರಲ್ಲಿ ಹೀಗೆ ಬಂದರೆ ಚೀಟಿ ಹಾಕ್ತೀವಿ. ಯಾರು ಯಾವ ಮ್ಯಾಚ್ ಆಡಬೇಕು ಅಂತ ಮೊದಲೇ ಚೀಟಿಯಲ್ಲಿ ಬರಲಿ. ದೇವರು ಯಾರನ್ನು ಬಿಸಿಲಿಗೆ ನಿಲ್ಲಿಸ್ತಾನೋ ಅವರು ನಿಲ್ಲಲಿ.’

ಅಂಕಲ್ ಬಿಳಿ ಹುಬ್ಬು ಮೇಲೇರಿಸಿ ನನ್ನನ್ನು ನೋಡಿದರು. ಅವರ ಹಳ್ಳಿಯಲ್ಲೂ ಟೋಪಿಯೊಳಗೆ ಚೀಟಿ ಹಾಕುತ್ತಿದ್ದರಂತೆ. ಅವರು ಒಪ್ಪಿದರು. ಮೇಡಂ ಬಹಳ ಹೊತ್ತು ಒಪ್ಪಲಿಲ್ಲ, ಆಮೇಲೆ ಒಂದು ಷರತ್ತು ಹಾಕಿದಳು: ಚೀಟಿ ಬಂದ ಮೇಲೆ ಯಾರೂ ಗೊಣಗುವಂತಿಲ್ಲ, ಬದಲಾಯಿಸುವಂತಿಲ್ಲ. ಖಂಡಿತ ಅಂದೆ. ಚಿತ್ರಾನ್ನವನ್ನು ಅವರ ತಟ್ಟೆಗಳಿಗೂ ಹಂಚಿ ಡಬ್ಬಿ ಖಾಲಿ ಮಾಡಿದೆ, ಒರೆಸಿದೆ. ಮೂರು ಕಾಗದದ ಚೂರಿನ ಮೇಲೆ ಒಂದು, ಎರಡು, ಮೂರು ಅಂತ ಬರೆದು, ಮಡಚಿ, ಮುಚ್ಚಳ ಹಾಕಿ ಕುಲುಕಿದೆ. ಒಂದು ಬಂದವರಿಗೆ ಮೊದಲನೆಯದು ಮತ್ತು ಕೊನೆಯದು, ನಡುವೆ ವಿಶ್ರಾಂತಿ. ಎರಡು ಬಂದವರಿಗೆ ಮೊದಲಿನ ಎರಡು, ಮೂರು ಬಂದವರಿಗೆ ಕೊನೆಯ ಎರಡು, ಒಂದರ ಹಿಂದೊಂದು.

ಚಾಮುಂಡಿ ಕಾಪಾಡು ತಾಯೀ ಅಂತ ಕಣ್ಣು ಮುಚ್ಚಿ ಎತ್ತಿದೆ. ಅರಿಶಿನದ ಎಣ್ಣೆ ಮೆತ್ತಿಕೊಂಡ ಕಾಗದ, ಬಿಡಿಸಿದರೆ ಎರಡು. ಹ್ಯೂಸ್ಟನ್‌ಗೆ ಒಂದು, ಡಾಲಸ್‌ಗೆ ಮೂರು. ನಗುತ್ತಲೇ ಡಬ್ಬಿ ಮುಚ್ಚಿ ಎದ್ದು ಬಂದೆ. ಕಾರಿನಲ್ಲಿ ಸ್ಟೀರಿಂಗಿಗೆ ಹಣೆ ಹಚ್ಚಿ ಕೂತವಳು ಎಷ್ಟೋ ಹೊತ್ತು ಸ್ಟಾರ್ಟ್ ಮಾಡಲಿಲ್ಲ. ಕ್ಯಾಪ್ಟನ್‌ಗೆ ಫೋನ್ ಮಾಡಿದರೆ ಅವಳು, ಬಿಡು, ಹೇಗೂ ಮೊದಲನೇದು ಸೋಲ್ತಿದ್ವಿ, ಅವರು ಮೊದಲು ಇಟ್ಟ ನಿಯಮದಲ್ಲೂ ಇದೇ ಗತಿ ಅಂತ ಸಮಾಧಾನ ಮಾಡಿದಳು. ಅದು ನಿಜ ಅನ್ನಿಸಿ ಮನೆ ಸೇರಿದೆ.

ಜುಲೈಯ ಆ ಶನಿವಾರ ಡಾಲಸ್ ವಿಮಾನ ನಿಲ್ದಾಣದ ಪಕ್ಕದ ಯೂಲೆಸ್‌ನ ಒಂದು ಮೈದಾನ. ತಲೆ ಮೇಲೆಯೇ ವಿಮಾನಗಳು ಇಳಿಯುತ್ತಿದ್ದವು, ಸೀಟಿಯೂ ಕೇಳದಷ್ಟು ಸದ್ದು. ಬೆಳಗ್ಗೆಯೇ ನೆಲದಿಂದ ಝಳ ಏಳುತ್ತಿತ್ತು. ನಾವು ಸರಿಯಾಗಿ ಒಂಬತ್ತು. ಮಗಳನ್ನು ಕರೆದುಕೊಂಡು ಇವರೂ ಬಂದಿದ್ದರು, ಐಸ್ ತುಂಬಿದ ಡಬ್ಬ ಹೊತ್ತುಕೊಂಡು.

ಮೊದಲ ಮ್ಯಾಚ್ ಹ್ಯೂಸ್ಟನ್ ಮೇಲೆ. ಅದನ್ನು ನಾವು ಗೆದ್ದುಬಿಟ್ಟೆವು ಕಣ್ರೀ. ಹೇಗೆ ಅಂತ ಇವತ್ತಿಗೂ ಹೇಳಲಾರೆ. ಅವರ ಹುಡುಗಿಯರು ಹಿಂದಿನ ದಿನದ ಪಯಣಕ್ಕೆ ದಣಿದಿದ್ದರೋ, ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲವೋ. ಕೊನೆಗೆ ನಮ್ಮ ಕ್ಯಾಪ್ಟನ್ ಹೊಡೆದ ಚೆಂಡು ಪಟ್ಟಿಯ ಮೇಲಿಂದ ತೇಲಿ ಹೋಯಿತು, ಒಂದೇ ಪಾಯಿಂಟಿನಲ್ಲಿ ಗೆದ್ದೆವು. ಆಸ್ಟಿನ್ ಹೆಂಗಸರ ಮೊದಲ ಗೆಲುವು. ಧಾರವಾಡದ ಗೆಳತಿ ನನ್ನನ್ನು ಎತ್ತಿ ತಿರುಗಿಸಿದಳು. ಕೆಳಗೆ ಇಳಿಸಿದ ಮೇಲೆಯೇ ನನಗೆ ಹೊಳೆದದ್ದು.

ಅಂಕಲ್ ಮೊದಲು ಇಟ್ಟ ನಿಯಮ ಇದ್ದಿದ್ದರೆ ಗೆದ್ದ ನಾವು ಈಗ ನೆರಳಿಗೆ ಹೋಗಬೇಕಿತ್ತು. ಸೋತ ಹ್ಯೂಸ್ಟನ್ ಬಿಸಿಲಲ್ಲಿ ಉಳಿಯಬೇಕಿತ್ತು.

ಅಂಕಲ್‌ಗೂ ಅದು ಹೊಳೆದಿತ್ತು. ನಿಧಾನವಾಗಿ ನಡೆದು ಬಂದು, ನಮ್ಮ ಹುಡುಗಿಯರ ಮುಖ ನೋಡಿ, ಹ್ಯೂಸ್ಟನ್ ಒಪ್ಪಿದರೆ ಬದಲಾಯಿಸೋಕೆ ತಮ್ಮದೇನೂ ಅಡ್ಡಿಯಿಲ್ಲ ಅಂದರು. ನಾನು ಮೇಡಂ ಹತ್ತಿರ ಹೋದೆ. ಬೇಡೋದು ನನಗೆ ಬರೋದಿಲ್ಲ, ಆದರೂ ಬೇಡಿದೆ. ನಮಗೆ ಬದಲಿ ಆಟಗಾರ್ತಿಯರಿಲ್ಲ, ಒಬ್ಬಳಿಗೆ ಆಗಲೇ ವಾಂತಿ ಬರೋ ಹಾಗಿದೆ, ತಂಡ ಮುಚ್ಚಿಹೋಗುತ್ತೆ ಅಂದೆ. ಆಕೆ ಬೆವರು ಒರೆಸಿಕೊಳ್ಳುತ್ತಾ ಕೇಳಿಸಿಕೊಂಡಳು. ದನಿ ಏರಿಸಲಿಲ್ಲ.

‘ಚೀಟಿ ಬೇಕು ಅಂದವಳು ನೀನು. ನಿನ್ನ ಡಬ್ಬಿ, ನಿನ್ನ ಕೈ. ಅವತ್ತು ನಾನು ಒಪ್ಪಿದ ಮಾತನ್ನು ಇವತ್ತು ಸೋತ ನನ್ನ ಹುಡುಗಿಯರ ಮೇಲೆ ತಿರುಗಿಸಬೇಡ.’

ನ್ಯಾಯವಾದ ಮಾತು. ನ್ಯಾಯ ಆಗಿದ್ದಕ್ಕೇ ನನಗೆ ಹೊಟ್ಟೆ ಉರಿದು ಹೋಯಿತು. ಬೈಯೋಕೂ ಬಾಯಿಲ್ಲದ ಹಾಗೆ ಮಾಡಿದ ಆ ಡಬ್ಬಿಯನ್ನು ಅಲ್ಲೇ ಇದ್ದಿದ್ದರೆ ನೆಲಕ್ಕೆ ಬಡಿಯುತ್ತಿದ್ದೆ. ವಾಪಸ್ ಬಂದು ತಲೆ ಅಲ್ಲಾಡಿಸಿದೆ. ನೀರು ತಲೆ ಮೇಲೆ ಸುರಿದುಕೊಂಡು ಮತ್ತೆ ಇಳಿದೆವು. ಎದುರಿಗೆ ಡಾಲಸ್‌ನವರು ಇಸ್ತ್ರಿ ಮಾಡಿದ ಅಂಗಿಯ ಹಾಗೆ ನಿಂತಿದ್ದರು.

ಅರ್ಧ ಮ್ಯಾಚಿಗೆ ಮೊದಲೇ ಒಬ್ಬಳು ವಾಂತಿ ಮಾಡಿಕೊಂಡು ಹೊರಗೆ ಹೋದಳು. ಎಂಟು. ವಿರಾಮ ಮುಗಿದು ಸ್ವಲ್ಪ ಹೊತ್ತಿಗೆ ಧಾರವಾಡದ ಗೆಳತಿಯ ಕಾಲು ಉಳುಕಿತು. ಪಾದ ಊರಲಾರದೆ ಕೂತವಳನ್ನು ಎತ್ತೋಕೆ ಹೋದರೆ, ನನ್ನ ಕೈ ಹಿಡಿದು, ‘ನನ್ನ ಬಿಡ್ರಿ, ನೀವ್ ಬೀಳಬ್ಯಾಡ್ರಿ, ನೀವ್ ಬಿದ್ರ ಮುಗೀತ ನೋಡ್ರಿ’ ಅಂದಳು. ಕಣ್ಣಲ್ಲಿ ನೀರು. ಅವಳು ಹೋದ ಮೇಲೆ ಏಳು.

ಅದಾಗಿ ಎಷ್ಟು ಹೊತ್ತು ಓಡಿದೆನೋ. ಒಂದು ಚೆಂಡಿಗೆ ಹಾರಿ ಇಳಿದದ್ದೇ ತಡ, ಎಡಗಾಲಿನ ಮೀನಖಂಡ ಹಿಡಿದುಕೊಂಡುಬಿಟ್ಟಿತು. ಒಳಗೆ ಯಾರೋ ಹಗ್ಗ ಹಾಕಿ ಹುರಿ ಮಾಡಿದ ಹಾಗೆ. ಇನ್ನೇನು ಕೂರಬೇಕು, ಕ್ಯಾಪ್ಟನ್ ಓಡಿಬಂದು ರಟ್ಟೆಗೆ ಕೈ ಹಾಕಿ ಎಳೆದುಕೊಂಡು ಹೋಗಿ ನಮ್ಮ ಗೋಲಿನ ಕಂಬಕ್ಕೆ ಒರಗಿಸಿದಳು. ಕೂತರೆ ಹೊರಗೆ ಕಳಿಸ್ತಾರೆ, ನಿಂತಿದ್ದರೆ ಲೆಕ್ಕ, ಓಡಬೇಡ, ನಿಲ್ಲು ಅಷ್ಟೇ ಅಂದು ಹೋದಳು.

ನಿಂತೆ. ಬಲಗಾಲ ಮೇಲೆ ಭಾರ ಬಿಟ್ಟು ಎರಡೂ ಕೈಯಲ್ಲಿ ಕಂಬ ತಬ್ಬಿಕೊಂಡು ನಿಂತೆ. ಕಬ್ಬಿಣ ಕಾದು ಅಂಗೈ ಸುಡುತ್ತಿತ್ತು. ನನ್ನ ಪಕ್ಕದಿಂದಲೇ ಗೋಲ್ ಹೋಯಿತು. ಮತ್ತೊಂದು ಹೋಯಿತು. ಡಾಲಸ್‌ನವರು ಕರುಣೆ ತೋರಿಸಲಿಲ್ಲ, ತೋರಿಸಿದ್ದರೆ ನನಗೆ ಸಹಿಸೋಕಾಗುತ್ತಿರಲಿಲ್ಲ. ಸ್ಕೋರ್ ಎಷ್ಟಾಯಿತು ಅಂತ ನೋಡೋದನ್ನೇ ಬಿಟ್ಟೆ. ಕಣ್ಣು ಕತ್ತಲೆ ಬಂದಾಗಲೆಲ್ಲ ಒಂದು ವಿಮಾನ ಬರಲಿ, ಅದು ಇಳಿಯೋವರೆಗೆ ನಿಲ್ತೀನಿ ಅಂದುಕೊಳ್ಳೋದು. ಅದು ಇಳಿದ ಮೇಲೆ ಇನ್ನೊಂದು. ಗೆರೆಯಾಚೆಯಿಂದ ಇವರು ಸಾಕು ಬಾರೇ, ಕಾಲು ಹೋಗುತ್ತೆ ಅಂತ ಕೂಗುತ್ತಿದ್ದರು. ಹೋದರೆ ಹೋಗಲಿ ಅನ್ನಿಸಿತ್ತು ನನಗೆ, ದೇವರಾಣೆ.

ಸೀಟಿ ಊದಿದ್ದು ನನಗೆ ಕೇಳಲಿಲ್ಲ. ಎಲ್ಲರೂ ನಿಂತಿದ್ದನ್ನು ನೋಡಿ ಗೊತ್ತಾಯಿತು. ಡಾಲಸ್ ಅಂಕಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮೈದಾನದೊಳಗೆ ಬಂದರು. ನಿಯಮ ಅಂದರೆ ನಿಯಮ, ಎಣಿಸಲೇಬೇಕು. ಆ ತುದಿಯಿಂದ ಒಬ್ಬೊಬ್ಬಳ ಕಡೆಗೂ ಬೆರಳು ತೋರಿಸುತ್ತಾ, ಬಾಯಿಬಿಟ್ಟು ಎಣಿಸುತ್ತಾ ಬಂದರು. ಕೊನೆಗೆ ಉಳಿದವಳು ನಾನು. ನನ್ನ ಮುಂದೆ ಬಂದು ನಿಂತು, ಬೆರಳು ತೋರಿಸಿ ‘ಏಳು’ ಅಂದರು. ಇನ್ನು ಕೂರಬಹುದಮ್ಮ ಅಂತ ಅವರ ಭಾಷೆಯಲ್ಲಿ ಮೆಲ್ಲಗೆ ಹೇಳಿದರು. ಕೈ ಬಿಡಿಸಿಕೊಳ್ಳೋಕೆ ಬರಲಿಲ್ಲ ನನಗೆ, ಬೆರಳು ಹಾಗೇ ಸೆಟೆದುಕೊಂಡಿದ್ದವು.

ಅಷ್ಟರಲ್ಲಿ ಮಗಳು ಓಡಿಬಂದಳು. ಮುಖ ಸಪ್ಪೆ. ಉಳಿದವರೆಲ್ಲ ಓಡಿದರು, ನಮ್ಮಮ್ಮ ಮಾತ್ರ ಕಂಬ ಹಿಡಿದುಕೊಂಡು ನಿಂತಿದ್ದಳಲ್ಲ ಅಂತ ಮಗುವಿಗೆ ಅವಮಾನ.

‘ಅಮ್ಮಾ, ಯು ವರ್ ಜಸ್ಟ್ ಸ್ಟ್ಯಾಂಡಿಂಗ್ ದೇರ್’ ಅಂದಳು.

‘ಹೂಂ ಪುಟ್ಟಿ’ ಅಂದೆ. ‘ಇವತ್ತು ಅಮ್ಮಂಗೆ ಅದೇ ಕೆಲಸ ಇತ್ತು.’